ಬೆಕ್ಕಿಗೂ ಸಕ್ಕರೆ ಕಾಯಿಲೆ: ಮನೆಯಲ್ಲೇ ಆರೈಕೆ ಹೇಗೆ?

ಕೋಲಾರ: ನೀರಿನ ಬಟ್ಟಲನ್ನು ಅಷ್ಟಾಗಿ ಮೂಸಿಯೂ ನೋಡದ ಬೆಕ್ಕು ಇದ್ದಕ್ಕಿದ್ದಂತೆ ಬಚ್ಚಲಿನ ಬಕೆಟ್‌ಗೂ ಬಾಯಿ ಹಾಕತೊಡಗುತ್ತದೆ. ಹೊಟ್ಟೆ ತುಂಬ ತಿಂದರೂ ಬೆನ್ನುಮೂಳೆ ಕೈಗೆ ತಾಗುತ್ತದೆ. ಅಂಗಳದಲ್ಲಿ ಅದು ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದೂ ಉಂಟು. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುವ ಈ ಲಕ್ಷಣಗಳ ಹಿಂದೆ ಮನುಷ್ಯರಿಗೆ ಚಿರಪರಿಚಿತವಾದ ಕಾಯಿಲೆಯೇ ಇರಬಹುದು. ಅದು ಮಧುಮೇಹ.

ಬೆಕ್ಕಿನ ಮಧುಮೇಹಕ್ಕೆ ಚಿಕಿತ್ಸೆ ಇದೆ. ಆದರೆ ಅದರ ಬಹುಪಾಲು ನಡೆಯಬೇಕಾದುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಹಾಲು ಉತ್ಪಾದನೆಗೆ ಹೆಸರಾದ ಕೋಲಾರ ಜಿಲ್ಲೆಯ ಪಶು ಆಸ್ಪತ್ರೆಗಳ ದಿನನಿತ್ಯದ ಕೆಲಸದಲ್ಲಿ ಹಸು, ಎಮ್ಮೆ, ಕುರಿ, ಮೇಕೆಗಳದೇ ಸಿಂಹಪಾಲು. ನಾಯಿ, ಬೆಕ್ಕುಗಳ ವಿಶೇಷ ಚಿಕಿತ್ಸೆಗೆ ಜನ ಬೆಂಗಳೂರಿನ ಕಡೆ ನೋಡುವುದು ವಾಡಿಕೆ. ಮಾಲೂರಿನವರಿಗೆ ಅದು ಹತ್ತಿರ. ಮುಳಬಾಗಿಲು, ಶ್ರೀನಿವಾಸಪುರದವರಿಗೆ ದೂರದ ಪ್ರಯಾಣ. ನಡುರಾತ್ರಿ ಬೆಕ್ಕು ಕುಸಿದು ಬಿದ್ದರೆ ಆ ದೂರವೇ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಕಾಯಿಲೆ ಪತ್ತೆಯಾದ ದಿನವೇ ಮನೆಯವರು ತಿಳಿದಿರಬೇಕಾದ ಮಾತೊಂದಿದೆ: ಏರಿದ ಸಕ್ಕರೆ ಬೆಕ್ಕನ್ನು ದಿನಗಟ್ಟಲೆ, ವಾರಗಟ್ಟಲೆ ಸವೆಸುತ್ತದೆ, ತಪ್ಪು ಪ್ರಮಾಣದ ಇನ್ಸುಲಿನ್‌ನಿಂದ ಕುಸಿದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ.

ಬೆಕ್ಕಿಗೇಕೆ ಈ ಕಾಯಿಲೆ?

ರಾಗಿ ಕಣಜ, ರೇಷ್ಮೆಹುಳು ಮನೆಗಳ ಇಲಿಕಾಟಕ್ಕೆಂದು ಸಾಕುತ್ತಿದ್ದ ಬೆಕ್ಕು ಅಲೆದು, ಬೇಟೆಯಾಡಿ ತಿನ್ನುತ್ತಿತ್ತು. ಪಟ್ಟಣದ ಮನೆಯ ಬೆಕ್ಕಿಗೆ ಅಂಥ ಓಡಾಟವಿಲ್ಲ. ಕೂತಲ್ಲಿಗೆ ಆಹಾರ ಬರುತ್ತದೆ, ಮೈ ಬೆಳೆಯುತ್ತದೆ. ಬೊಜ್ಜು ಹೆಚ್ಚಿದಂತೆ ದೇಹವು ಇನ್ಸುಲಿನ್‌ಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸಿ ಕೊನೆಗೆ ಸೋಲುತ್ತದೆ. ಹೀಗಾಗಿ ಬೆಕ್ಕಿನ ಮಧುಮೇಹವು ಮನುಷ್ಯರ ಎರಡನೇ ಬಗೆಯ ಮಧುಮೇಹವನ್ನು ಹೋಲುತ್ತದೆ.

ಏಳು ವರ್ಷ ದಾಟಿದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ದಪ್ಪಗಿರುವ ಗಂಡು ಬೆಕ್ಕುಗಳಲ್ಲಿ ಅಪಾಯ ಹೆಚ್ಚು. ಚರ್ಮದ ತುರಿಕೆ ಮೊದಲಾದವುಗಳಿಗೆ ಕೊಡುವ ಸ್ಟೀರಾಯ್ಡ್ ಔಷಧಿಗಳೂ ಸಕ್ಕರೆಯನ್ನು ಏರಿಸಬಲ್ಲವು. ಹಿಂದೆ ಅಂಥ ಇಂಜೆಕ್ಷನ್ ಹಾಕಿಸಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕಾಯಿಲೆ ಮುಂದುವರಿದಾಗ ಹಿಂಗಾಲಿನ ನರಗಳು ದುರ್ಬಲಗೊಂಡು, ಬೆಕ್ಕು ಬೆರಳ ಮೇಲೆ ನಡೆಯುವ ಬದಲು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ.

ಒಂದು ಪರೀಕ್ಷೆ ಸಾಲದು

ಬುಟ್ಟಿಯಲ್ಲಿ ಕೂಡಿಸಿ ಬಸ್ಸಿನಲ್ಲಿ ತಂದ ಬೆಕ್ಕಿನ ರಕ್ತದಲ್ಲಿ ಬರಿಯ ಭಯದಿಂದಲೇ ಸಕ್ಕರೆ ಪ್ರಮಾಣ 300 ಮಿ.ಗ್ರಾಂ. ದಾಟಬಹುದು. ಆದ್ದರಿಂದ ಒಂದೇ ರಕ್ತಪರೀಕ್ಷೆ ನೋಡಿ ಮಧುಮೇಹ ಎಂದು ತೀರ್ಮಾನಿಸುವಂತಿಲ್ಲ. ಮೂತ್ರದಲ್ಲಿಯೂ ಸಕ್ಕರೆ ಇದೆಯೇ ಎಂದು ನೋಡಬೇಕು. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಸಂದೇಹ ನಿವಾರಣೆಗೆ ನೆರವಾಗುತ್ತದೆ. ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಸಮಸ್ಯೆಗಳಲ್ಲಿಯೂ ಬೆಕ್ಕು ಹೆಚ್ಚು ನೀರು ಕುಡಿದು ಸೊರಗುವುದರಿಂದ ಅವುಗಳನ್ನೂ ಪರೀಕ್ಷಿಸುವುದು ಅಗತ್ಯ.

ರೋಗ ಖಚಿತಪಡಿಸಿಕೊಳ್ಳಲು ಮತ್ತು ಮೊದಲ ಪ್ರಮಾಣ ನಿಗದಿಪಡಿಸಲು ಒಮ್ಮೆಯಾದರೂ ಬೆಕ್ಕುಗಳ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರನ್ನು ಕಾಣುವುದು ಒಳ್ಳೆಯದು. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಭಾಗದವರಿಗೆ ಒಂದು ಆಶ್ರಯ. ನಂತರದ ನಿಗಾವನ್ನು ಊರಿನ ವೈದ್ಯರೊಂದಿಗೆ ಸೇರಿ ಮುಂದುವರಿಸಬಹುದು.

ಅಜ್ಜನ ಇನ್ಸುಲಿನ್ ಬೆಕ್ಕಿಗಲ್ಲ

ಫ್ರಿಜ್‌ನಲ್ಲಿ ಹಿರಿಯರ ಇನ್ಸುಲಿನ್ ಇರುವ ಮನೆಗಳು ಇಂದು ಅಪರೂಪವಲ್ಲ. ಅದರಲ್ಲೇ ಒಂದಿಷ್ಟು ಬೆಕ್ಕಿಗೂ ಕೊಟ್ಟರಾಯಿತು ಎಂಬ ಯೋಚನೆ ಅಪಾಯಕಾರಿ. ಮನುಷ್ಯರಿಗೆ ಕೊಡುವ ಮಿಶ್ರ ಇನ್ಸುಲಿನ್‌ನ ಪರಿಣಾಮ ಬೆಕ್ಕಿನ ದೇಹದಲ್ಲಿ ಬೇಗ ಏರಿ ಬೇಗ ಇಳಿಯುತ್ತದೆ. ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್‌ನಂಥ ಇನ್ಸುಲಿನ್ ಬೆಕ್ಕಿಗೆ ಹೆಚ್ಚು ಹೊಂದುತ್ತದೆ. ಇದೂ ಮನುಷ್ಯರಿಗೆಂದು ತಯಾರಾದುದೇ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2009ರಲ್ಲಿ ಗ್ಲಾರ್ಜಿನ್ ಅನ್ನು ದೇಶದ ಮಾರುಕಟ್ಟೆಗೆ ತಂದಿತ್ತು. ಯಾವ ಇನ್ಸುಲಿನ್, ಎಷ್ಟು ಎಂಬುದನ್ನು ಮಾತ್ರ ಪಶುವೈದ್ಯರೇ ಬರೆದುಕೊಡಬೇಕು. ಹಿರಿಯರು ನುಂಗುವ ಸಕ್ಕರೆ ಮಾತ್ರೆಗಳನ್ನಂತೂ ಪುಡಿ ಮಾಡಿ ಹಾಕಕೂಡದು. ಹಾಗಲಕಾಯಿ ರಸ, ಮೆಂತ್ಯ, ನೇರಳೆ ಬೀಜದ ಪುಡಿ ಇನ್ಸುಲಿನ್‌ಗೆ ಬದಲಿಯಾಗಲಾರವು. ಅವುಗಳನ್ನು ನೆಚ್ಚಿ ಕಳೆದ ವಾರಗಳು ಬೆಕ್ಕಿಗೆ ದುಬಾರಿಯಾಗುತ್ತವೆ.

ಸಿರಿಂಜ್ ಮೇಲಿನ ಅಂಕಿ ಓದಿ

ಮನೆಯಲ್ಲಿ ಆಗಬಹುದಾದ ಅತಿ ದೊಡ್ಡ ತಪ್ಪು ಸಿರಿಂಜ್‌ನದು. ನಮ್ಮ ಔಷಧಿ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ದೊರೆಯುತ್ತದೆ. ಒಂದು, ಪ್ರತಿ ಮಿ.ಲೀ.ನಲ್ಲಿ 40 ಯೂನಿಟ್ ಇರುವಂಥದು. ಇನ್ನೊಂದು, ಪ್ರತಿ ಮಿ.ಲೀ.ನಲ್ಲಿ 100 ಯೂನಿಟ್ ಇರುವಂಥದು. ಎರಡಕ್ಕೂ ಬೇರೆ ಬೇರೆ ಸಿರಿಂಜ್‌ಗಳಿವೆ. ಸಾಮಾನ್ಯವಾಗಿ 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರ ಸಿರಿಂಜ್‌ಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ.

ಗ್ಲಾರ್ಜಿನ್ ಸಾಮಾನ್ಯವಾಗಿ 100ರ ಇನ್ಸುಲಿನ್. ಅದನ್ನು ತಪ್ಪಿ 40ರ ಸಿರಿಂಜ್‌ನಲ್ಲಿ ಎರಡು ಗೆರೆಯಷ್ಟು ಎಳೆದರೆ ಬೆಕ್ಕಿನ ಮೈಗೆ ಹೋಗುವುದು 2 ಯೂನಿಟ್ ಅಲ್ಲ, 5 ಯೂನಿಟ್. ಒಂದೆರಡು ಯೂನಿಟ್‌ನಲ್ಲಿ ಚಿಕಿತ್ಸೆ ಆರಂಭವಾಗುವ ನಾಲ್ಕು ಕಿಲೋ ತೂಕದ ಪ್ರಾಣಿಗೆ ಇದು ಮಾರಕವಾಗಬಲ್ಲದು. ಆದ್ದರಿಂದ ಮುಚ್ಚಳದ ಬಣ್ಣವನ್ನಷ್ಟೇ ನಂಬದೆ ಬಾಟಲಿ ಮತ್ತು ಸಿರಿಂಜ್ ಎರಡರ ಮೇಲಿನ ಅಂಕಿ ಒಂದೇ ಎಂಬುದನ್ನು ಪ್ರತಿ ಸಲ ಕೊಳ್ಳುವಾಗಲೂ ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಅರ್ಧ ಯೂನಿಟ್ ಗೆರೆಗಳಿರುವ 0.3 ಮಿ.ಲೀ. ಸಿರಿಂಜ್ ಸಿಕ್ಕರೆ ಇನ್ನೂ ಒಳಿತು.

ಊಟ ಮೊದಲು, ಸೂಜಿ ನಂತರ

ಇನ್ಸುಲಿನ್ ಅನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡಲಾಗುತ್ತದೆ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಿ ಪುಸ್ತಕದಲ್ಲಿ ಬರೆಸುವ ಊರುಗಳಿಗೆ ಈ ಲೆಕ್ಕ ಹೊಸದೇನಲ್ಲ. ಬೆಳಿಗ್ಗೆ 7, ಸಂಜೆ 7 ಎಂದು ಗೊತ್ತುಮಾಡಿಕೊಂಡರೆ ಅದನ್ನೇ ಪಾಲಿಸಬೇಕು. ಮೊದಲು ಊಟ ಬಡಿಸಿ, ಬೆಕ್ಕು ತಿಂದುದನ್ನು ಕಣ್ಣಾರೆ ಕಂಡ ಮೇಲೆ ಇಂಜೆಕ್ಷನ್ ಕೊಡಬೇಕು. ತಿನ್ನದಿದ್ದರೆ ಅಥವಾ ವಾಂತಿ ಮಾಡಿದರೆ ಎಂದಿನ ಪ್ರಮಾಣ ಕೊಡದೆ ವೈದ್ಯರಿಗೆ ಫೋನ್ ಮಾಡುವುದು ಕ್ಷೇಮ.

ಪಕ್ಕೆಯ ಸಡಿಲ ಚರ್ಮವನ್ನು ಬೆರಳುಗಳಿಂದ ಡೇರೆಯಂತೆ ಎತ್ತಿ ಹಿಡಿದು ಅದರ ಬುಡಕ್ಕೆ ಸೂಜಿ ಚುಚ್ಚಬೇಕು. ಸೂಜಿ ಅತಿ ತೆಳುವಾದುದರಿಂದ ಹೆಚ್ಚಿನ ಬೆಕ್ಕುಗಳು ಅದನ್ನು ಲೆಕ್ಕಿಸುವುದಿಲ್ಲ. ಬೆಕ್ಕು ಕೊಸರಿ ಔಷಧಿ ಒಳಗೆ ಹೋಯಿತೋ, ರೋಮದ ಮೇಲೆ ಚೆಲ್ಲಿತೋ ತಿಳಿಯದಿದ್ದರೆ ಮತ್ತೊಮ್ಮೆ ಚುಚ್ಚಕೂಡದು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡಕೂಡದು. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಆಗುವ ನಷ್ಟ ಚಿಕ್ಕದು. ಎರಡು ಸಲ ಕೊಟ್ಟರೆ ಆಗುವ ಅನಾಹುತ ದೊಡ್ಡದು. ಒಂದೇ ಮನೆಯ ಇಬ್ಬರು ತಿಳಿಯದೆ ಬೇರೆ ಬೇರೆಯಾಗಿ ಚುಚ್ಚುವ ಸಂಭವವೂ ಇರುವುದರಿಂದ ಕೊಟ್ಟ ತಕ್ಷಣ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವುದು ಜಾಣತನ. ಮದುವೆ, ತಿರುಪತಿ ಯಾತ್ರೆ ಎಂದು ಮನೆಮಂದಿ ಹೊರಡುವ ಮುನ್ನ ನೆರೆಯವರೊಬ್ಬರಿಗೆ ಈ ಕೆಲಸ ಕಲಿಸಿರಬೇಕು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು. ಬೀದಿಯ ಕಸಕ್ಕೆ ಎಸೆಯಬಾರದು.

ಹಾಲನ್ನ ಬಿಡಿಸುವ ಬಗೆ

ನಮ್ಮಲ್ಲಿ ಬೆಕ್ಕಿನ ಆಹಾರವೆಂದರೆ ಹಾಲನ್ನ, ಮೊಸರನ್ನ. ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ. ಅನ್ನದ ಪಿಷ್ಟ, ಹಾಲಿನ ಸಕ್ಕರೆ ಎರಡೂ ಮಧುಮೇಹಿ ಬೆಕ್ಕಿಗೆ ಹೊರೆಯೇ. ಒಣ ಆಹಾರದ ಕಾಳುಗಳಲ್ಲಿಯೂ ಪಿಷ್ಟದ ಅಂಶ ಹೆಚ್ಚಿರುತ್ತದೆ. ಪ್ರೋಟೀನ್ ಹೆಚ್ಚಿರುವ, ಪಿಷ್ಟ ಕಡಿಮೆ ಇರುವ ಹಸಿ ಬಗೆಯ ಸಿದ್ಧ ಆಹಾರ ಉತ್ತಮ. ಬೇಯಿಸಿದ ಕೋಳಿ, ಮೀನು, ಮೊಟ್ಟೆಯನ್ನೂ ಕೊಡಬಹುದು. ಆದರೆ ಬರಿಯ ಮಾಂಸವೇ ಸಂಪೂರ್ಣ ಆಹಾರವಾಗದ ಕಾರಣ ಏನನ್ನು ಸೇರಿಸಬೇಕೆಂದು ವೈದ್ಯರನ್ನು ಕೇಳಬೇಕು. ಮನೆಯ ಸಾರಿನ ತುಂಡುಗಳನ್ನು ಹಾಕಬಾರದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಇಲ್ಲೊಂದು ಎಚ್ಚರಿಕೆ ಮುಖ್ಯ. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಹಾಲನ್ನವನ್ನು ಒಂದೇ ದಿನದಲ್ಲಿ ನಿಲ್ಲಿಸಬಾರದು. ಪಿಷ್ಟ ಕಡಿಮೆಯಾದೊಡನೆ ಅದಕ್ಕೆ ಬೇಕಾದ ಇನ್ಸುಲಿನ್ ಪ್ರಮಾಣವೂ ಇಳಿಯುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ಆಹಾರದ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿಯೇ, ಹಂತಹಂತವಾಗಿ ಮಾಡಬೇಕು. ಪಕ್ಕದ ಮನೆಯವರು ಅಕ್ಕರೆಯಿಂದ ಹಾಲು ಇಡುತ್ತಿದ್ದರೆ ಅವರಿಗೂ ವಿಷಯ ತಿಳಿಸಬೇಕು. ಊರೆಲ್ಲ ಅಲೆಯುವ ಬೆಕ್ಕನ್ನು ಕನಿಷ್ಠ ಊಟ, ಇಂಜೆಕ್ಷನ್ ಹೊತ್ತಿಗಾದರೂ ಮನೆಯೊಳಗೆ ಇರಿಸಿಕೊಳ್ಳದೆ ಚಿಕಿತ್ಸೆ ಸಾಗದು.

ಕಿವಿಯಂಚಿನ ಒಂದು ಹನಿ

ಮನುಷ್ಯರು ಬಳಸುವ ಗ್ಲುಕೋಮೀಟರ್‌ನಿಂದಲೇ ಬೆಕ್ಕಿನ ಸಕ್ಕರೆಯನ್ನು ಮನೆಯಲ್ಲಿ ನೋಡಬಹುದು. ಕಿವಿಯ ಅಂಚನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿ, ಸಣ್ಣ ಸೂಜಿಯಿಂದ ಚುಚ್ಚಿದರೆ ಒಂದು ಹನಿ ರಕ್ತ ಬರುತ್ತದೆ. ಇಂಥ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಭಯದಿಂದ ಏರುವ ಸಕ್ಕರೆಯ ಗೊಂದಲ ಮನೆಯಲ್ಲಿ ಕಡಿಮೆ ಇರುವುದರಿಂದ ಈ ಅಂಕಿಗಳು ವೈದ್ಯರಿಗೆ ಬಹಳ ಉಪಯುಕ್ತ.

ಇಂಜೆಕ್ಷನ್‌ಗೆ ಮುಂಚಿನ ಸಕ್ಕರೆ, ಕೊಟ್ಟ ಯೂನಿಟ್, ತಿಂದ ಆಹಾರ, ಕುಡಿದ ನೀರು, ವಾರಕ್ಕೊಮ್ಮೆ ತೂಕ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ಒಬ್ಬರೇ ನಿಂತು, ವ್ಯತ್ಯಾಸ ಕಳೆದರೆ ತೂಕ ತಿಳಿಯುತ್ತದೆ. ಒಂದು ದಿನದ ಅಂಕಿ ಹೆಚ್ಚಿತೆಂದು ತಾವೇ ಪ್ರಮಾಣ ಏರಿಸಕೂಡದು. ದೇಹ ಹೊಸ ಪ್ರಮಾಣಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು.

ಸಕ್ಕರೆ ಕುಸಿದಾಗ

ತೂರಾಡುವುದು, ವಿಪರೀತ ಹಸಿವು, ಮಂಕು, ನಡುಕ, ಕೊನೆಗೆ ಸೆಳೆತ, ಪ್ರಜ್ಞೆ ತಪ್ಪುವುದು ಇವು ಸಕ್ಕರೆ ಕುಸಿದ ಲಕ್ಷಣಗಳು. ಮನೆಯ ಮೀಟರ್‌ನಲ್ಲಿ 60ಕ್ಕಿಂತ ಕಡಿಮೆ ಬಂದರೆ ತುರ್ತು ಎಂದೇ ತಿಳಿಯಬೇಕು. ಬೆಕ್ಕು ತಿನ್ನುವಂತಿದ್ದರೆ ಕೂಡಲೇ ಆಹಾರ ಕೊಡಬೇಕು. ತಿನ್ನಲಾರದಿದ್ದರೆ ಜೇನುತುಪ್ಪ, ಗ್ಲುಕೋಸ್ ಅಥವಾ ಸಕ್ಕರೆ ಪಾಕವನ್ನು ಬೆರಳಿನಿಂದ ವಸಡಿಗೆ ಸವರಬೇಕು. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಕೂಡದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸೆಳೆತ ಇರುವಾಗ ಕಚ್ಚುವ ಅಪಾಯವಿರುವುದರಿಂದ ಬೆರಳನ್ನು ಹಲ್ಲುಗಳ ನಡುವೆ ಇಡಬಾರದು. ವೈದ್ಯರಲ್ಲಿಗೆ ಹೊರಡುವ ಮುನ್ನವೇ ಇಷ್ಟು ಮಾಡಬೇಕು. ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸುವುದನ್ನು ಬಿಡಬಾರದು. ಜೇನಿನ ಸೀಸೆಯೊಂದು ಇನ್ಸುಲಿನ್ ಜತೆಯಲ್ಲೇ ಇರಲಿ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನೇ ಉರಿಸತೊಡಗಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುತ್ತವೆ. ಊಟ ಬಿಡುವುದು, ವಾಂತಿ, ನಿತ್ರಾಣ ಇದರ ಲಕ್ಷಣಗಳು. ಇದಕ್ಕೆ ಮನೆಮದ್ದಿಲ್ಲ, ಆಸ್ಪತ್ರೆಯೇ ಗತಿ. ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಬೆಕ್ಕುಗಳಿಗೆಂದೇ ಬಾಯಿಯ ಮೂಲಕ ಕೊಡುವ ಎರಡು ಹೊಸ ಔಷಧಿಗಳಿಗೆ ಅನುಮತಿ ದೊರೆತಿದೆ. ಸೂಜಿ ತಪ್ಪಿಸುವ ಈ ಔಷಧಿಗಳು ಎಲ್ಲ ಬೆಕ್ಕುಗಳಿಗೂ ಹೊಂದುವುದಿಲ್ಲ. ಅವುಗಳಲ್ಲಿಯೂ ಕೀಟೋನ್ ಅಪಾಯ ಇರುವುದರಿಂದ ಕಟ್ಟುನಿಟ್ಟಿನ ನಿಗಾ ಬೇಕೇ ಬೇಕು.

ಕರೆಂಟ್ ಹೋದರೆ?

ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರೀಜರ್‌ನಿಂದ ದೂರ ಇಡಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆರೆಯದಿದ್ದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ದೀರ್ಘಕಾಲ ವಿದ್ಯುತ್ ಇಲ್ಲದಿದ್ದರೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿ ಇಡುವ ಹಳೆಯ ಉಪಾಯ ತಾತ್ಕಾಲಿಕವಾಗಿ ನೆರವಾಗುತ್ತದೆ. ಬೆಂಗಳೂರಿನಿಂದ ತರುವಾಗ ಬಿಸಿಲಿಗೆ ಕಾದ ಬಸ್ಸಿನ ಕಿಟಕಿ ಬದಿ ಇಡದೆ ಫ್ಲಾಸ್ಕ್‌ನಲ್ಲಿ ತರಬೇಕು. ಮಂಜುಗಡ್ಡೆ ನೇರವಾಗಿ ತಾಗಬಾರದು.

ಗ್ಲಾರ್ಜಿನ್ ಬಾಟಲಿ ತೆರೆದ ಮೇಲೆ 28 ದಿನಗಳೊಳಗೆ ಬಳಸಬೇಕೆಂದು ಅದರ ಮೇಲಿನ ಸೂಚನೆ ಹೇಳುತ್ತದೆ. 10 ಮಿ.ಲೀ. ಬಾಟಲಿಯಲ್ಲಿ 1,000 ಯೂನಿಟ್ ಇರುತ್ತದೆ. ದಿನಕ್ಕೆ ನಾಲ್ಕು ಯೂನಿಟ್ ಪಡೆಯುವ ಬೆಕ್ಕಿಗೆ ಅದರ ಬಹುಪಾಲು ವ್ಯರ್ಥ. 300 ಯೂನಿಟ್‌ನ 3 ಮಿ.ಲೀ. ಕಾರ್ಟ್ರಿಜ್ ಬಳಸಬಹುದೇ ಎಂದು ವೈದ್ಯರನ್ನು ಕೇಳಿದರೆ ಖರ್ಚು ತಗ್ಗಬಹುದು.

ಸೂಜಿ ನಿಲ್ಲುವ ದಿನ

ಬೆಕ್ಕಿನ ಮಧುಮೇಹದಲ್ಲಿ ಮನುಷ್ಯರಿಗಿಂತ ಭಿನ್ನವಾದ ಒಂದು ಭರವಸೆ ಇದೆ. ಬೇಗ ಹತೋಟಿಗೆ ಬಂದರೆ ಮೇದೋಜೀರಕ ಗ್ರಂಥಿ ಚೇತರಿಸಿಕೊಂಡು ಇನ್ಸುಲಿನ್ ಇಲ್ಲದೆಯೇ ಸಕ್ಕರೆ ಸಮಸ್ಥಿತಿಯಲ್ಲಿ ನಿಲ್ಲಬಹುದು. ಗ್ಲಾರ್ಜಿನ್, ಕಡಿಮೆ ಪಿಷ್ಟದ ಆಹಾರ ಹಾಗೂ ಮನೆಯಲ್ಲೇ ಪರೀಕ್ಷೆ, ಈ ಮೂರನ್ನೂ ಅನುಸರಿಸಿದ 55 ಬೆಕ್ಕುಗಳ ಅಧ್ಯಯನವೊಂದು 2009ರಲ್ಲಿ ಪ್ರಕಟವಾಗಿತ್ತು. ಕಾಯಿಲೆ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮಕ್ಕೆ ಬಂದ ಬೆಕ್ಕುಗಳಲ್ಲಿ ಶೇ 84ರಷ್ಟು ಇನ್ಸುಲಿನ್‌ನಿಂದ ಬಿಡುಗಡೆ ಪಡೆದಿದ್ದವು. ತಡವಾಗಿ ಬಂದವುಗಳಲ್ಲಿ ಆ ಪ್ರಮಾಣ ಶೇ 35 ಮಾತ್ರ. ಎಲ್ಲ ಮನೆಗಳಲ್ಲೂ ಇಷ್ಟೇ ಫಲ ಸಿಗುತ್ತದೆಂದಲ್ಲ. ಬಿಡುಗಡೆ ಪಡೆದ ಬೆಕ್ಕಿಗೆ ಕಾಯಿಲೆ ಮರುಕಳಿಸುವುದೂ ಉಂಟು, ಆದ್ದರಿಂದ ಪಥ್ಯ ಮತ್ತು ನಿಗಾ ಮುಂದುವರಿಯಬೇಕು.

ಆದರೆ ತಡ ಮಾಡಿದಷ್ಟೂ ಅವಕಾಶ ಕೈತಪ್ಪುತ್ತದೆ ಎಂಬುದಂತೂ ಸ್ಪಷ್ಟ. ಬೆಕ್ಕು ಎಂದಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ಅದನ್ನು ಬೇಸಿಗೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುವ ಬದಲು, ಈ ವಾರವೇ ಒಮ್ಮೆ ಪಶುವೈದ್ಯರ ಬಾಗಿಲು ತಟ್ಟುವುದು ಒಳಿತು.