ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಕಟ್ಟುವ ಅಣ್ಣ

ಬೆಂಗಳೂರಿನ ಎಸ್.ಪಿ. ರೋಡಿಗೆ ಕಂಪ್ಯೂಟರ್ ಕೊಳ್ಳಲು ಹೋದರೆ ಕೌಂಟರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಬಜೆಟ್ ಎಷ್ಟು ಸಾರ್?’ ಇಲ್ಲಿನ ಒಂದು ಕಟ್ಟಡದ ಮೊದಲ ಮಹಡಿಯ ಪುಟ್ಟ ಅಂಗಡಿಯಲ್ಲಿ ಅದು ಎರಡನೆಯ ಪ್ರಶ್ನೆ. ‘ಕ್ಯಾಮೆರಾ ಯಾವ್ದು ಇಟ್ಕೊಂಡಿದೀರ?’ ಎಂಬುದು ಮೊದಲನೆಯದು. ಮದುವೆ ವಿಡಿಯೊ ಎಡಿಟ್ ಮಾಡುವವರು, ಯೂಟ್ಯೂಬ್ ಚಾನೆಲ್ ನಡೆಸುವವರು, ಹಗಲೆಲ್ಲ ಎಡಿಟಿಂಗ್ ಮಾಡಿ ರಾತ್ರಿ ಗೇಮ್ ಆಡುವ ಹುಡುಗರು ತುಮಕೂರು, ಮಂಡ್ಯ, ಕೋಲಾರಗಳಿಂದ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ಅವರ ಉತ್ತರ ಸಿಕ್ಕ ಮೇಲಷ್ಟೇ ಮೇಜಿನ ಹಿಂದೆ ಕೂತವರು ಕೊಟೇಷನ್ ಪುಸ್ತಕ ತೆರೆಯುತ್ತಾರೆ.

ಅಂಗಡಿಯ ಮಾಲೀಕರು ಬೇರೆ, ಇವರು ಅಸೆಂಬ್ಲರ್. ಐವತ್ತು ದಾಟಿದ ವಯಸ್ಸು. ಹೆಸರು ಪತ್ರಿಕೆಯಲ್ಲಿ ಬರುವುದು ಬೇಡ ಎಂದರು. ಬರುವ ಹುಡುಗರೆಲ್ಲ ‘ಅಣ್ಣ’ ಎಂದೇ ಕರೆಯುತ್ತಾರೆ, ಇಲ್ಲಿಯೂ ಹಾಗೇ ಇರಲಿ.

ನಾನು ಅಲ್ಲಿದ್ದಾಗ ತಿಪಟೂರಿನ ಸಹೋದರರಿಬ್ಬರು ಬಂದರು. ದೊಡ್ಡವನದು ಮದುವೆ ವಿಡಿಯೊ ಕೆಲಸ, ಚಿಕ್ಕವನು ಡಿಪ್ಲೊಮಾ ವಿದ್ಯಾರ್ಥಿ, ಅವನಿಗೆ ವ್ಯಾಲೊರಂಟ್ ಮತ್ತು ಜಿಟಿಎ ಆಡಬೇಕು. ಇಬ್ಬರಿಗೂ ಸೇರಿ ಒಂದೇ ಯಂತ್ರ. ಮಾನಿಟರ್ ಮನೆಯಲ್ಲಿದೆ. ಫೋನಿನಲ್ಲಿ ಒಂದು ಪಟ್ಟಿ ಬರೆದುಕೊಂಡೇ ಬಂದಿದ್ದರು. ಅದರಲ್ಲಿ ಪ್ರೊಸೆಸರ್ ಎಂದಿದ್ದ ಕಡೆ ಇಂಟೆಲ್ ಐ5-12400ಎಫ್ ಎಂದಿತ್ತು. ಆರು ಕೋರ್, ಹನ್ನೆರಡು ಥ್ರೆಡ್, 2022ರಲ್ಲಿ ಬಂದದ್ದು; ಕಡಿಮೆ ದುಡ್ಡಿನವರ ನೆಚ್ಚಿನ ಪ್ರೊಸೆಸರ್. ಅಣ್ಣ ಅದನ್ನು ನೋಡಿ ಕ್ಯಾಮೆರಾ ಕೇಳಿದರು. ಸೋನಿ ಎ7 4 ಎಂದ ದೊಡ್ಡವನು.

‘ಹಾಗಾದ್ರೆ ಈ ಎಫ್ ತೆಗೆದುಬಿಡಪ್ಪ.’

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹೇಗೂ ಹಾಕುತ್ತೇವಲ್ಲ ಎಂದುಕೊಂಡು ಗೇಮ್ ಆಡುವವರು ಎಫ್ ತೆಗೆದುಕೊಳ್ಳುತ್ತಾರೆ, ಅವರಿಗೆ ಅದು ಸರಿಯೇ. ಎಡಿಟರ್‌ಗಳ ಕಥೆ ಬೇರೆ. ಆ ಸೋನಿ ಕ್ಯಾಮೆರಾದಲ್ಲಿ 10 ಬಿಟ್ 4:2:2 ಎಂಬ ಬಗೆಯ ವಿಡಿಯೊ ತೆಗೆಯಬಹುದು. ಅದರಲ್ಲಿ ಬಣ್ಣದ ವಿವರ ಹೆಚ್ಚು, ಧಾರೆ ಸೀರೆಯ ಕೆಂಪು ಮತ್ತು ಅರಿಶಿನದ ಹಳದಿ ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಬೆರೆತು ಕೆಡುವುದಿಲ್ಲ. ಆದರೆ ಎಚ್.265ರಲ್ಲಿ ಹೀಗೆ ತೆಗೆದ ಫೈಲನ್ನು ಬಿಡಿಸಿ ತೋರಿಸುವ ಶಕ್ತಿ, ಎನ್ವಿಡಿಯಾದ ಕಾರ್ಡುಗಳಿಗೆ 2025ರ ಆರ್‌ಟಿಎಕ್ಸ್ 50 ಸರಣಿಗೆ ಮುಂಚೆ ಇರಲಿಲ್ಲ. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್‌ಗೆ ಅದು ಇದೆ. ಕ್ವಿಕ್ ಸಿಂಕ್ ಎಂದು ಅದರ ಹೆಸರು. 2011ರಿಂದ ಇಂಟೆಲ್ ಅದನ್ನು ಬೆಳೆಸುತ್ತ ಬಂದಿದೆ. ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್ ಪ್ರೊ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಸ್ವಲ್ಪ ದುಡ್ಡು ಉಳಿಸಲು ಹೋಗಿ ಎಫ್ ಕೊಂಡವನು ಪ್ರತಿ ಮದುವೆಗೂ ಟೈಮ್‌ಲೈನ್ ಮುಗ್ಗರಿಸುವುದನ್ನು ನೋಡುತ್ತ ಕೂರಬೇಕಾಗುತ್ತದೆ.

ಇನ್ನೂ ಒಂದು ಕೆಲಸವಿದೆ. ಬೇರೆ ಕಾರ್ಡ್ ಹಾಕಿದೊಡನೆ ಎಷ್ಟೋ ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯಾಸ್‌ಗೆ ಹೋಗಿ ಅದನ್ನು ಮತ್ತೆ ಆನ್ ಮಾಡಬೇಕು. ಅಣ್ಣ ಕಟ್ಟಿಕೊಟ್ಟ ಯಂತ್ರದಲ್ಲಿ ಅದು ಆಗಿಯೇ ಇರುತ್ತದೆ. ರ‍್ಯಾಮಿನ ಎಕ್ಸ್‌ಎಂಪಿ ಕೂಡ ಆನ್ ಆಗಿರುತ್ತದೆ. ಇಲ್ಲದಿದ್ದರೆ 3200 ವೇಗದ ರ‍್ಯಾಮಿಗೆ ದುಡ್ಡು ಕೊಟ್ಟು 2133ರಲ್ಲೋ 2666ರಲ್ಲೋ ಓಡಿಸುತ್ತಿರುತ್ತೇವೆ.

ಕ್ಯಾಮೆರಾ ಪ್ರಶ್ನೆಗೆ ‘ಫೋನ್ ಅಣ್ಣ’ ಎಂದವರಿಗೆ ಲೆಕ್ಕವೇ ಬೇರೆ. ಫೋನಿನ ವಿಡಿಯೊ ಒಂದೇ ಫ್ರೇಮ್ ರೇಟಿನಲ್ಲಿ ಇರುವುದಿಲ್ಲ, ಹಾಗಾಗಿ ಎಡಿಟಿಂಗಿನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಬಹುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಮೊದಲು ಸರಿಮಾಡಿಕೊಳ್ಳಿ ಎಂದು ಹೇಳಿ ಅವರಿಗೆ ಎಎಂಡಿಯ ರೈಜನ್ ಪ್ರೊಸೆಸರ್ ತೋರಿಸುತ್ತಾರೆ. ಕಾರ್ಡಿಗೆ ಈಗ ದುಡ್ಡೇ ಇಲ್ಲ ಎಂದರೆ ರೈಜನ್ 5 5600ಜಿ. ಒಳಗಿನ ಗ್ರಾಫಿಕ್ಸ್‌ನಲ್ಲೇ ವ್ಯಾಲೊರಂಟ್ ಸಲೀಸಾಗಿ ಓಡುತ್ತದೆ. ಕಾರ್ಡನ್ನೂ ಈಗಲೇ ಕೊಳ್ಳುತ್ತೇನೆ ಎಂದರೆ ಜಿ ಬೇಡ, 5600 ಸಾಕು ಎನ್ನುತ್ತಾರೆ. 5600ರ ಎಲ್3 ಕ್ಯಾಶ್ 32 ಎಂಬಿ, ಜಿಯದು ಅದರಲ್ಲಿ ಅರ್ಧ. ಗೇಮಿನಲ್ಲಿ ಆ ವ್ಯತ್ಯಾಸ ಕಾಣುತ್ತದೆ.

ತಿಪಟೂರಿನವರ ಪಟ್ಟಿಯಲ್ಲಿದ್ದ ಇನ್ನೊಂದು ತೊಡಕನ್ನೂ ಹೇಳಬೇಕು. ಕಾರ್ಡ್: ಆರ್‌ಟಿಎಕ್ಸ್ 3050. ಈ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. 2022ರದ್ದು 8 ಜಿಬಿ. 2024ರಲ್ಲಿ ಬಂದದ್ದು 6 ಜಿಬಿ. ಅದರಲ್ಲಿ ಮೆಮೊರಿ ಮಾತ್ರ ಕಡಿಮೆಯಾದದ್ದಲ್ಲ, ಕೋರ್‌ಗಳೂ ಕಡಿಮೆ, ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಇಳಿದಿದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ಅದೇ 3050. ಬರೀ ಗೇಮ್ ಆಗಿದ್ದರೆ ಅಣ್ಣ ಎಎಂಡಿಯ ಆರ್‌ಎಕ್ಸ್ 6600 ಕೊಡುತ್ತಿದ್ದರು. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡೂ ಎನ್ವಿಡಿಯಾ ಜೊತೆ ಚೆನ್ನಾಗಿ ಹೊಂದಿಕೊಳ್ಳುವುದರಿಂದ 8 ಜಿಬಿಯ 3050 ಬರೆದರು.

ಡಿಸ್ಕಿನ ವಿಷಯಕ್ಕೆ ಕ್ಯಾಲ್ಕುಲೇಟರ್ ಹಿಡಿದರು. ಸೆಕೆಂಡಿಗೆ 100 ಮೆಗಾಬಿಟ್ ಎಂದು ಹಿಡಿದರೂ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಆರು ಗಂಟೆ: 540 ಜಿಬಿ, ಒಂದು ಮದುವೆಗೆ. ಈಗಿನ ಮದುವೆ ಇಡುವುದಕ್ಕೆ 1 ಟಿಬಿ ಎನ್‌ವಿಎಂಇ, ಮುಗಿದ ಮದುವೆಗಳಿಗೆ ಸಾದಾ ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ 550 ವ್ಯಾಟ್, 80 ಪ್ಲಸ್ ಬ್ರಾಂಜ್. ಅದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಕ್ಯಾಬಿನೆಟ್‌ಗೆ ಬಣ್ಣಬಣ್ಣದ ದೀಪ ಬೇಕೆಂದು ಚಿಕ್ಕವನು ಕೇಳಿದ. ಮುಂಭಾಗದಲ್ಲಿ ಗಾಳಿಗೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ ಸಿಕ್ಕಿತು.

ಅಣ್ಣನ ಕೈಗಳನ್ನು ನೋಡಬೇಕಾದದ್ದು ಪಿನ್ ಸರಿಮಾಡುವಾಗ. ಎಎಂ4 ಸಾಕೆಟ್ಟಿನ ರೈಜನ್ ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳು ನಾಟಿ ಮಾಡಿದ ಗದ್ದೆಯಂತೆ ಸಾಲುಸಾಲಾಗಿ ನಿಂತಿರುತ್ತವೆ. ಕೂಲರ್‌ಗೂ ಪ್ರೊಸೆಸರ್‌ಗೂ ನಡುವಿನ ಪೇಸ್ಟ್ ಒಣಗಿ ಅಂಟಾಗಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ. ಪಿನ್ ಬಾಗುತ್ತದೆ. ಬಾಗಿದ ಪಿನ್ನಿಗೆ ವಾರಂಟಿ ಇಲ್ಲ. ಅಂಥದ್ದೊಂದನ್ನು ಯಾರೋ ಟಿಶ್ಯೂ ಕಾಗದದಲ್ಲಿ ಸುತ್ತಿ ತಂದಿದ್ದರು. ಅಣ್ಣ ಕನ್ನಡಕ ಹಣೆಗೇರಿಸಿ, ಸೀಸದಕಡ್ಡಿ ತೆಗೆದ ಖಾಲಿ ಪೆನ್ ಪೆನ್ಸಿಲಿನ ಲೋಹದ ಕೊಳವೆಯನ್ನು ಬಾಗಿದ ಪಿನ್ನಿನ ಮೇಲೆ ತೊಡಿಸಿದರು. ಒತ್ತಲಿಲ್ಲ, ಕೊಳವೆಯನ್ನೇ ಕೂದಲೆಳೆಯಷ್ಟು ವಾಲಿಸಿದರು. ತೆಗೆದರು. ದೀಪಕ್ಕೆ ಅಡ್ಡ ಹಿಡಿದು ಸಾಲನ್ನು ನೋಡಿದರು, ಮತ್ತೆ ತೊಡಿಸಿದರು. ಒಮ್ಮೆಲೇ ನೆಟ್ಟಗೆ ಮಾಡಲು ಹೋದರೆ ಪಿನ್ ಮುರಿಯುತ್ತದೆ. ಕೊನೆಗೆ ಸಾಕೆಟ್‌ನ ಮೇಲಿಟ್ಟಾಗ ಅದು ತನ್ನ ಭಾರಕ್ಕೇ ಕೂತಿತು. ಹಾಗೆ ಕೂತರಷ್ಟೇ ಅವರು ಸಾಕೆಟ್ಟಿನ ಸನ್ನೆಗೋಲನ್ನು ಕೆಳಗಿಳಿಸುವುದು. ಕೂಲರ್ ಬಿಚ್ಚುವ ಮುಂಚೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬಿಸಿಯಾಗಲು ಬಿಡಿ, ಎಳೆಯಬೇಡಿ, ತಿರುಗಿಸಿ ಬಿಡಿಸಿ ಎಂದು ತಂದವರಿಗೆ ಹೇಳಿ ಕಳಿಸಿದರು.

ರಸ್ತೆಯ ಇತಿಹಾಸ ಸಿಕ್ಕಿದ್ದು ಪಕ್ಕದ ಅಂಗಡಿಯ ಹಿರಿಯರೊಬ್ಬರಿಂದ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಪುರಭವನದ ಹತ್ತಿರ, ಜೆ.ಸಿ. ರೋಡಿಗೂ ಹಳೇ ಪೇಟೆಗೂ ನಡುವೆ. ಅವರ ತಂದೆಯ ಕಾಲಕ್ಕೆ ಅವರದು ರೇಡಿಯೊ ಬಿಡಿಭಾಗಗಳ ಅಂಗಡಿ. ಆಮೇಲೆ ಟೇಪ್‌ರೆಕಾರ್ಡರ್, ಟಿ.ವಿ., ತೊಂಬತ್ತರ ದಶಕದಲ್ಲಿ ಕಂಪ್ಯೂಟರ್. ಡಿಟಿಪಿ ಮಾಡುವ ಕನ್ನಡ ಮುದ್ರಣಾಲಯಗಳು, ಸೈಬರ್ ಕೆಫೆಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬರಾದ ಮೇಲೆ ಒಬ್ಬರು ಈ ರಸ್ತೆಯನ್ನು ಸಾಕಿದರು. ಈಗ ಸಾಕುತ್ತಿರುವವರು ವಿಡಿಯೊದವರು ಮತ್ತು ಗೇಮಿನವರು ಎನ್ನುತ್ತಾರೆ ಹಿರಿಯರು.

ಆ ಸಾಕಣೆ ಸುಲಭದ್ದಾಗಿಲ್ಲ. 2020-21ರಲ್ಲಿ ಕೋವಿಡ್ ಮತ್ತು ಕ್ರಿಪ್ಟೊ ಮೈನಿಂಗ್ ಸೇರಿ ಗ್ರಾಫಿಕ್ಸ್ ಕಾರ್ಡುಗಳೇ ಸಿಗದಂತಾದವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತಾಗ ಹಗಲೂರಾತ್ರಿ ದುಡಿದು ಸವೆದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಆಗಿ ಬಂದವು. ಅಂಥ ಕಾರ್ಡ್ ಕೊಳ್ಳುವವರು ಅಂಗಡಿಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ, ಫ್ಯಾನಿನ ಸದ್ದು ಕೇಳಿ, ಬಿಲ್ ಪಡೆದು ಹೋಗಬೇಕು. ಹೊಸ ಮಾಲಿಗೂ ಅಷ್ಟೇ. ಜಿಎಸ್‌ಟಿ ಬಿಲ್ ಬೇಡ ಎಂದರೆ ದರ ಇಳಿಸುವವರು ಇದ್ದಾರೆ. ಬಿಲ್ಲಿಲ್ಲದ ಬೋರ್ಡ್ ಎಂಟನೇ ತಿಂಗಳಲ್ಲಿ ಕೆಟ್ಟರೆ ಸರ್ವಿಸ್ ಸೆಂಟರಿನಲ್ಲಿ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಆನ್‌ಲೈನಿನದು. ಆನ್‌ಲೈನಿನ ದರ ಅಂಗಡಿಯ ಖರೀದಿ ದರಕ್ಕಿಂತ ಕಡಿಮೆ ಇರುವುದೂ ಉಂಟು. ಜನ ಡಬ್ಬಿಗಳನ್ನು ಅಲ್ಲಿಂದ ತರಿಸಿ ಜೋಡಿಸಲು ಮಾತ್ರ ಇಲ್ಲಿಗೆ ಬರುತ್ತಾರೆ. ಅಣ್ಣನಿಗೆ ಬೇಸರವಿರುವುದು ದರದ ಬಗ್ಗೆ ಅಲ್ಲ. ಅರುವತ್ತು ಎಪ್ಪತ್ತು ಸಾವಿರ ಎಂದರೆ ಸಣ್ಣ ಊರಿನ ವಿಡಿಯೊಗ್ರಾಫರ್‌ಗೆ ಒಂದು ಸೀಸನ್ನಿನ ಉಳಿತಾಯ. ಅದನ್ನು ಸುರಿಯುವ ಮುಂಚೆ ಅವನ ಕೆಲಸ ಏನೆಂದು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಈ ಮಾತಿನಲ್ಲಿ ನಾನು ಪೂರ್ತಿ ಅವರ ಕಡೆ. ಅವರ ಕೈಕೆಳಗೆ ಕಲಿತ ಹುಡುಗರಿಬ್ಬರು ಮೊಬೈಲ್ ರಿಪೇರಿಗೆ ಹೋದರು. ಹೊಸಬರು ಬಂದಿಲ್ಲ.

ಈಗ ರ‍್ಯಾಮಿನ ಸರದಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಗಗನಕ್ಕೇರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಈ ರಸ್ತೆಗೆ ಚಿರಪರಿಚಿತವಾಗಿದ್ದ ತನ್ನ ಕ್ರೂಷಿಯಲ್ ಬ್ರಾಂಡನ್ನೇ ಗ್ರಾಹಕ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಎಡಿಟಿಂಗ್‌ಗೆ 32 ಜಿಬಿ ಇದ್ದರೆ ಚೆಂದ, ಆದರೆ ತಿಪಟೂರಿನವರ ದುಡ್ಡಿಗೆ ಅದು ನಿಲುಕಲಿಲ್ಲ. ಎಂಟೆಂಟರ ಎರಡು ಕಡ್ಡಿ ಬರೆದರು, ಹದಿನಾರರ ಒಂದೇ ಕಡ್ಡಿಗಿಂತ ಜೋಡಿಯ ವೇಗ ಹೆಚ್ಚು. ಎರಡೇ ಸ್ಲಾಟಿರುವ ಎಚ್610 ಬೋರ್ಡ್ ಬಿಟ್ಟು ಡಿಡಿಆರ್4ನ ನಾಲ್ಕು ಸ್ಲಾಟಿನ ಬಿ760 ಹಾಕಿದರು.

‘ಎರಡು ಖಾಲಿ ಬಿಟ್ಟಿದೀನಿ. ರೇಟ್ ಇಳಿದಾಗ ತಗೊಂಡ್ ಬನ್ನಿ, ಹಾಕಿಕೊಡ್ತೀನಿ,’ ಎಂದರು. ಯಾವಾಗ ಇಳಿಯುತ್ತದೆ ಎಂದು ದೊಡ್ಡವನು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಅಂಗಡಿಯ ಬಾಡಿಗೆ ಕರಾರು ಬರುವ ವರ್ಷ ಮುಗಿಯುತ್ತದೆ. ಮುಂದುವರಿಸುವ ಬಗ್ಗೆ ಮಾಲೀಕರು ಇನ್ನೂ ಏನೂ ಹೇಳಿಲ್ಲ.