ಸೆನ್ಸರ್ ಬದಲಿಸುವ ಮುನ್ನ ಲೆಕ್ಕ ಕೇಳಿ

ಚೆಕ್ ಎಂಜಿನ್ ದೀಪ ಹೊತ್ತಿದ ಕೂಡಲೇ ಗಾಳಿ ಅಳೆಯುವ ಸೆನ್ಸರನ್ನು ದೂರುವುದು ಸುಲಭ. ಆದರೆ ಸೆನ್ಸರ್ ಕಡಿಮೆ ತೋರಿಸುವುದು ಬೇರೆ, ತಪ್ಪು ತೋರಿಸುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಮಾಡಿದ ರಿಪೇರಿ ರಿಪೇರಿಯಲ್ಲ.

ಕಾರಿನ ಪಿಕಪ್ ಕುಗ್ಗಿದೆ, ಮೈಲೇಜ್ ಇಳಿದಿದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಆರುತ್ತಿಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0101 ಎಂಬ ಕೋಡ್ ಬರುತ್ತದೆ. ಜೊತೆಯಲ್ಲಿ ‘ಮಾಸ್ ಏರ್ ಫ್ಲೋ’ ಎಂಬ ಹೆಸರೂ ಪರದೆಯ ಮೇಲೆ ಮೂಡುತ್ತದೆ. ಹೆಸರು ಬಂದಮೇಲೆ ಇನ್ನೇನು ಅನುಮಾನ? ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲಿರುವ ಆ ಸೆನ್ಸರನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾರೆ. ಸಾವಿರಾರು ರೂಪಾಯಿಯ ಬಿಲ್ ಆಗುತ್ತದೆ, ಕೋಡ್ ಅಳಿಸುತ್ತಾರೆ, ದೀಪ ಆರುತ್ತದೆ. ಕೆಲವು ದಿನಗಳಲ್ಲಿ ಅದೇ ದೀಪ ಮತ್ತೆ ಹೊತ್ತಿಕೊಂಡಾಗ ‘ಪಾರ್ಟ್ ಡೂಪ್ಲಿಕೇಟ್ ಇರಬೇಕು’ ಎಂಬ ಮಾತು ಶುರುವಾಗುತ್ತದೆ. ಪಾರ್ಟ್ ಡೂಪ್ಲಿಕೇಟ್ ಇದ್ದರೂ ಇರಬಹುದು. ಆದರೆ ಹಳೆಯ ಸೆನ್ಸರ್ ಕೆಟ್ಟಿತ್ತು ಎಂಬುದನ್ನು ಅಲ್ಲಿ ಯಾರೂ ಸಾಬೀತು ಮಾಡಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ತೊಂದರೆ.

ಈ ಸೆನ್ಸರ್ ಮಾಡುವ ಕೆಲಸವನ್ನು ಮೊದಲು ನೋಡೋಣ. ಲೋಟದಲ್ಲಿರುವ ಬಿಸಿ ಕಾಫಿಯ ಮೇಲೆ ಜೋರಾಗಿ ಊದಿದಷ್ಟೂ ಅದು ಬೇಗ ಆರುತ್ತದಲ್ಲವೇ, ಇಲ್ಲಿನ ತತ್ವವೂ ಅದೇ. ಗಾಳಿಯ ಹಾದಿಯಲ್ಲಿ ತೆಳುವಾದ ಪ್ಲಾಟಿನಂ ತಂತಿಯನ್ನೋ ಪದರವನ್ನೋ ಇಟ್ಟು, ವಿದ್ಯುತ್ತಿನಿಂದ ಬಿಸಿ ಮಾಡಿ, ಒಳಬರುವ ಗಾಳಿಗಿಂತ ಅದು ಸದಾ ಇಂತಿಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿರುವಂತೆ ಕಾಯ್ದುಕೊಳ್ಳುತ್ತಾರೆ. ಗಾಳಿ ಹೆಚ್ಚು ಹರಿದರೆ ತಂತಿ ಹೆಚ್ಚು ಆರುತ್ತದೆ, ಅದನ್ನು ಬಿಸಿಯಾಗಿಡಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಆ ವಿದ್ಯುತ್ತಿನ ಪ್ರಮಾಣವೇ ಗಾಳಿಯ ಅಳತೆ. ಬಿಸಿ ತಂತಿಗೂ ಗಾಳಿಯ ಹರಿವಿಗೂ ಇರುವ ಗಣಿತದ ನಂಟನ್ನು ಎಲ್.ವಿ. ಕಿಂಗ್ 1914ರಲ್ಲೇ ಬರೆದಿಟ್ಟಿದ್ದರು. 1980ರ ದಶಕದ ಆರಂಭದಲ್ಲಿ ಬಾಷ್ ಕಂಪನಿ ತನ್ನ ಎಲ್‌ಎಚ್-ಜೆಟ್ರಾನಿಕ್ ವ್ಯವಸ್ಥೆಯ ಮೂಲಕ ಅದನ್ನು ಕಾರುಗಳಿಗೆ ತಂದಿತು. ಆ ಮೊದಲ ತಂತಿಗಳ ದಪ್ಪ ಕೂದಲೆಳೆಯಷ್ಟೇ. ಎಂಜಿನ್ ನಿಲ್ಲಿಸಿದ ಮೇಲೆ ಒಂದು ಸೆಕೆಂಡಿನ ಮಟ್ಟಿಗೆ ತಂತಿಯನ್ನು ಕೆಂಪಗೆ ಕಾಯಿಸಿ, ಅಂಟಿದ ಕೊಳೆಯನ್ನು ಸುಟ್ಟುಹಾಕುವ ಏರ್ಪಾಡೂ ಅದರಲ್ಲಿತ್ತು. ಕೊಳೆ ಕೂತರೆ ಅಳತೆ ಕೆಡುತ್ತದೆ ಎಂಬುದು ಇದನ್ನು ರೂಪಿಸಿದವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಈ ಅಳತೆಯ ಮೇಲೆಯೇ ಪೆಟ್ರೋಲಿನ ಲೆಕ್ಕ ಹಾಕುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಮಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿಯ ಲೆಕ್ಕ ತಪ್ಪಿದರೆ ಪೆಟ್ರೋಲಿನ ಲೆಕ್ಕವೂ ತಪ್ಪುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಎಂಜಿನ್ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂಬುದನ್ನೂ ಇಸಿಯು ಗಾಳಿಯಿಂದಲೇ ಅಂದಾಜು ಮಾಡುವುದರಿಂದ, ಕಿಡಿ ಹೊತ್ತಿಸುವ ಸಮಯವೂ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್ ಬದಲಾಗುವ ಹೊತ್ತೂ ಹಳಿ ತಪ್ಪುತ್ತವೆ. ಹೊರೆ ಕಡಿಮೆಯಿದೆ ಎಂದು ತಿಳಿದು ಇಸಿಯು ಕಿಡಿಯನ್ನು ಬೇಗ ಹೊತ್ತಿಸಿದರೆ ಎಂಜಿನ್ ಕುಟ್ಟುವ ಸದ್ದು ಮಾಡುತ್ತದೆ. ಇಷ್ಟು ಮುಖ್ಯವಾದ ಭಾಗವೆಂದೇ ಅದನ್ನು ಊಹೆಯ ಮೇಲೆ ಬದಲಿಸಬಾರದು.

ಕೋಡ್ ಹೇಳುವುದೇನು?

ಕೋಡ್ ಎಂಬುದು ಕಂಪ್ಯೂಟರಿನ ದೂರು, ತೀರ್ಪಲ್ಲ. ಪಿ0102 ಬಂದರೆ ಸೆನ್ಸರಿನ ತಂತಿಯಲ್ಲಿ ಬರುವ ಸಂಕೇತ ಇರಬೇಕಾದ ಮಿತಿಗಿಂತ ಕೆಳಗಿದೆ ಎಂದರ್ಥ, ಪಿ0103 ಬಂದರೆ ಮೇಲಿದೆ ಎಂದರ್ಥ. ತುಂಡಾದ ವೈರು, ತುಕ್ಕು ಹಿಡಿದ ಕನೆಕ್ಟರ್ ಪಿನ್ನು, ಹೋದ ಫ್ಯೂಸು, ಇವುಗಳಲ್ಲಿ ಯಾವುದೂ ಇದಕ್ಕೆ ಕಾರಣವಾಗಬಹುದು. ಪಿ0101 ಇನ್ನೂ ಸೂಕ್ಷ್ಮವಾದದ್ದು. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಮಾಹಿತಿಯಿಂದ ಇಸಿಯು ‘ಇಷ್ಟು ಗಾಳಿ ಬರಬೇಕಿತ್ತು’ ಎಂದು ತಾನೇ ಅಂದಾಜು ಮಾಡಿಕೊಳ್ಳುತ್ತದೆ. ಸೆನ್ಸರ್ ಹೇಳಿದ್ದು ಆ ಅಂದಾಜಿಗೆ ತಾಳೆಯಾಗದಿದ್ದಾಗ ಈ ಕೋಡ್ ಬರುತ್ತದೆ. ತಪ್ಪು ಸೆನ್ಸರಿನದ್ದೂ ಇರಬಹುದು, ಅಂದಾಜಿನದ್ದೂ ಇರಬಹುದು. ಥ್ರಾಟಲ್‌ಗೆ ಮಸಿ ಹಿಡಿದಿದ್ದರೆ, ಸೆನ್ಸರ್ ದಾಟಿದ ಮೇಲಿನ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ, ಎಣ್ಣೆ ಅಳೆಯುವ ಕಡ್ಡಿ ಸರಿಯಾಗಿ ಕೂರದೆ ಅಲ್ಲಿಂದ ಗಾಳಿ ನುಸುಳುತ್ತಿದ್ದರೆ, ಆಗಲೂ ಇದೇ ಕೋಡ್ ಬರಬಹುದು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ನಿಜ ಹೇಳುವ ಸೆನ್ಸರ್. ಸೈಲೆನ್ಸರ್ ಹಾದಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. ಹೊಗೆ ಹೊರಹೋಗದಿದ್ದರೆ ಹೊಸ ಗಾಳಿ ಒಳಬರಲು ಜಾಗವಿಲ್ಲ, ಹಾಗಾಗಿ ಎಂಜಿನ್ ನಿಜವಾಗಿಯೂ ಕಡಿಮೆ ಗಾಳಿ ಹೀರುತ್ತದೆ, ಸೆನ್ಸರ್ ಕಡಿಮೆಯೆಂದೇ ತೋರಿಸುತ್ತದೆ. ಧೂಳು ತುಂಬಿದ ಏರ್ ಫಿಲ್ಟರ್ ಇದ್ದರೂ ಅಷ್ಟೆ. ಅಳತೆ ಕಡಿಮೆಯಿದೆ, ಆದರೆ ತಪ್ಪಿಲ್ಲ. ಅಲ್ಲಿ ಸೆನ್ಸರ್ ಬದಲಿಸಿದರೆ ಹೊಸದೂ ಅದೇ ಅಂಕಿಯನ್ನು ತೋರಿಸುತ್ತದೆ. ಹಾಗಾದರೆ ನಿಜ ಹೇಳುವ ಸೆನ್ಸರನ್ನೂ ಸುಳ್ಳು ಹೇಳುವ ಸೆನ್ಸರನ್ನೂ ಬೇರ್ಪಡಿಸುವುದು ಹೇಗೆ?

ಎರಡು ಅಳತೆಗಳ ತಾಳೆ

ಅದಕ್ಕೆ ಬೇಕಾದ ಎರಡನೆಯ ಅಳತೆ ಕಾರಿನಲ್ಲೇ ಇದೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್, ಉರಿದ ಮೇಲೆ ಆಮ್ಲಜನಕ ಉಳಿದಿದೆಯೇ ಎಂದು ನೋಡಿ ಇಸಿಯುಗೆ ಹೇಳುತ್ತದೆ. ಆಮ್ಲಜನಕ ಉಳಿದಿದ್ದರೆ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಉಳಿಯದಿದ್ದರೆ ತಗ್ಗಿಸುತ್ತದೆ. ಈ ಹೆಚ್ಚು–ಕಡಿಮೆಯ ಶೇಕಡಾ ಲೆಕ್ಕವೇ ಫ್ಯೂಯಲ್ ಟ್ರಿಮ್. ಕನ್ವರ್ಟರ್ ಕಟ್ಟಿಕೊಂಡ ಕಾರಿನಲ್ಲಿ ಗಾಳಿಯೂ ಕಡಿಮೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಕಡಿಮೆ, ಹಾಗಾಗಿ ಟ್ರಿಮ್ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಕೊಳೆ ಹಿಡಿದ ಸೆನ್ಸರ್ ಮಾತ್ರ ಬಂದ ಗಾಳಿಗಿಂತ ಕಡಿಮೆ ಲೆಕ್ಕ ಕೊಡುತ್ತದೆ, ಪೆಟ್ರೋಲ್ ಸಾಲದೆ ಆಮ್ಲಜನಕ ಉಳಿಯುತ್ತದೆ, ಟ್ರಿಮ್ ಶೇ 10, 15, 20 ಎಂದು ಏರುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ಪಿ0171 ಎಂಬ ಇನ್ನೊಂದು ಕೋಡ್ ಬೀಳುತ್ತದೆ.

ಟ್ರಿಮ್ ಏರಿದ್ದು ಯಾವಾಗ ಎಂಬುದೂ ಅಷ್ಟೇ ಮುಖ್ಯ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ, ರಸ್ತೆಯಲ್ಲಿ ಹೊರೆ ಬಿದ್ದಾಗ ಒಮ್ಮೆ ಟ್ರಿಮ್ ನೋಡಬೇಕು. ಐಡಲ್‌ನಲ್ಲಿ ತುಂಬಾ ಹೆಚ್ಚಿದ್ದು ವೇಗ ಏರಿದಂತೆ ಇಳಿದರೆ, ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ನುಸುಳುತ್ತಿದೆ. ಸಣ್ಣ ಬಿರುಕಿನಿಂದ ಬರುವ ಗಾಳಿ ಐಡಲ್‌ನ ಅಲ್ಪ ಹರಿವಿನಲ್ಲಿ ದೊಡ್ಡ ಪಾಲು, ಹೆಚ್ಚಿನ ಹರಿವಿನಲ್ಲಿ ಚಿಕ್ಕ ಪಾಲು. ಹೊರೆ ಏರಿದಂತೆ ಟ್ರಿಮ್ಮೂ ಏರಿದರೆ ಕೊಳೆ ಹಿಡಿದ ಸೆನ್ಸರ್ ಅಥವಾ ಸೊರಗಿದ ಪೆಟ್ರೋಲ್ ಪಂಪಿನ ಮೇಲೆ ಅನುಮಾನ ಹೋಗಬೇಕು. ಇಲ್ಲೊಂದು ಎಚ್ಚರಿಕೆಯೂ ಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ಉರಿಯಲು ಬೇಕಾದ ಗಾಳಿ ಒಂದು ಗ್ರಾಮಿಗೆ ಕೇವಲ 9 ಗ್ರಾಂ. ಹಾಗಾಗಿ ಮಿಶ್ರಣದ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತದೆ. ಇ10ಕ್ಕೆಂದು ಹೊಂದಿಸಿದ ಕಾರು ಇ20 ಕುಡಿದಾಗ ಟ್ರಿಮ್ ಶೇ 4ರಷ್ಟು ಮೇಲೇರುವುದು ಸಹಜ. ಅದನ್ನು ಸೆನ್ಸರಿನ ದೋಷವೆಂದು ಓದಬಾರದು.

ಪಂಪೋ ಸೆನ್ಸರೋ ಎಂಬುದನ್ನು ತೀರ್ಮಾನಿಸಲು ಪ್ರೈಮರಿ ಶಾಲೆಯ ಗುಣಾಕಾರ ಸಾಕು. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿ ಹೀರಬಲ್ಲದು. 4,000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 40 ಲೀಟರ್. ಮಂಗಳೂರಿನ ಸೆಕೆಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.16 ಗ್ರಾಂ, ಅಂದರೆ ಒಟ್ಟು 46 ಗ್ರಾಂ. ಎಂಜಿನ್ ತನ್ನ ಸಾಮರ್ಥ್ಯದ ಶೇ 80ರಿಂದ 90ರಷ್ಟು ತುಂಬಿಕೊಳ್ಳುತ್ತದೆ ಎಂದು ಹಿಡಿದರೆ, ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸ್ಕ್ಯಾನರಿನಲ್ಲಿ ಸೆಕೆಂಡಿಗೆ 37ರಿಂದ 42 ಗ್ರಾಂ ಕಾಣಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ, ಅಲ್ಲಿ ಅಂಕಿಯೂ ಅಷ್ಟೇ ಇಳಿಯುತ್ತದೆ. ಮಡಿಕೇರಿಯಲ್ಲಿ ಒತ್ತಡ ಇನ್ನೂ ಕಡಿಮೆ. ಘಟ್ಟ ಹತ್ತಿದ ಕಾರಿನ ಅಂಕಿಯನ್ನು ಕರಾವಳಿಯ ಅಂಕಿಗೆ ಹೋಲಿಸಿ ಸೆನ್ಸರ್ ಕೆಟ್ಟಿದೆ ಎನ್ನುವುದು ಅನ್ಯಾಯ. ಲೆಕ್ಕಕ್ಕೆ ತಕ್ಕಷ್ಟು ಗಾಳಿ ಕಾಣುತ್ತಿದ್ದೂ ಪೆಟ್ರೋಲ್ ಸಾಲದೆ ಹೋದರೆ ಪಂಪು, ಫಿಲ್ಟರ್, ಇಂಜೆಕ್ಟರ್ ಕಡೆ ನೋಡಬೇಕು. 25 ಗ್ರಾಮಿಗೇ ನಿಂತು, ಜೊತೆಗೆ ಟ್ರಿಮ್ಮೂ ಏರಿದ್ದರೆ ಆಗ ಸೆನ್ಸರಿನ ಮೇಲಿನ ಅನುಮಾನಕ್ಕೆ ಬಲವಾದ ಆಧಾರ ಸಿಕ್ಕಂತಾಯಿತು.

ಆಗಲೂ ಬಿಚ್ಚುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಬೇಕು. ಕನೆಕ್ಟರಿಗೆ ಸರಿಯಾದ ವೋಲ್ಟೇಜ್ ಬರುತ್ತಿದೆಯೇ? ಎಂಜಿನ್ ಓಡುತ್ತಿರುವಾಗ ಸೆನ್ಸರಿನ ಅರ್ಥ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಾಣುತ್ತಿದೆಯೇ? ಹೆಚ್ಚು ಕಂಡರೆ ಅರ್ಥ್ ದುರ್ಬಲವಾಗಿದೆ, ಒಳ್ಳೆಯ ಸೆನ್ಸರಿನ ಸಂಕೇತವೂ ಕೆಡುತ್ತದೆ. ವೋಲ್ಟೇಜ್ ರೂಪದಲ್ಲಿ ಸಂಕೇತ ಕೊಡುವ ಎಷ್ಟೋ ಸೆನ್ಸರುಗಳು ಎಂಜಿನ್ ನಿಂತು ಕೀ ಮಾತ್ರ ಆನ್ ಇರುವಾಗ 1 ವೋಲ್ಟಿನ ಆಸುಪಾಸಿನಲ್ಲಿರುತ್ತವೆ. ಗಾಳಿಯೇ ಹರಿಯದಿರುವಾಗ ಆ ಅಂಕಿ ಅತ್ತಿತ್ತ ಸರಿದಿದ್ದರೆ ಅದೂ ಒಂದು ಪುರಾವೆ.

ಡೀಸೆಲ್ ಕಾರುಗಳಲ್ಲಿ ಕಥೆ ಬೇರೆ. ಅಲ್ಲಿ ಸೆನ್ಸರ್ ಮುಖ್ಯವಾಗಿ ಇಜಿಆರ್ ವಾಲ್ವಿಗಾಗಿ, ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಏರ್ಪಾಡಿಗಾಗಿ, ತಾಜಾ ಗಾಳಿಯನ್ನು ಅಳೆಯುತ್ತದೆ. ಕಪ್ಪು ಹೊಗೆ ಬಾರದಂತೆ ಡೀಸೆಲ್ ಪ್ರಮಾಣಕ್ಕೆ ಮಿತಿ ಹಾಕುವುದಕ್ಕೂ ಆ ಅಳತೆ ಬೇಕು. ಇಜಿಆರ್ ವಾಲ್ವು ಮಸಿ ಹಿಡಿದು ತೆರೆದೇ ನಿಂತರೆ ಹೊಗೆಯೇ ಜಾಗ ತುಂಬಿ ತಾಜಾ ಗಾಳಿ ಕಡಿಮೆಯಾಗುತ್ತದೆ, ಸೆನ್ಸರ್ ಅದನ್ನೇ ಪ್ರಾಮಾಣಿಕವಾಗಿ ಹೇಳುತ್ತದೆ, ಘಾಟಿಯಲ್ಲಿ ಗಾಡಿ ಎಳೆಯುವುದಿಲ್ಲ. ಇನ್ನು ನಮ್ಮಲ್ಲಿನ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರೇ ಇಲ್ಲ. ಅವು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಿಂದ ಗಾಳಿಯ ಅಂದಾಜು ಮಾಡುತ್ತವೆ, ಅಲ್ಲಿ ಸೋರಿಕೆಯ ಲಕ್ಷಣಗಳೇ ಬೇರೆ. ಮುಂದಿರುವ ಕಾರಿನಲ್ಲಿ ಯಾವ ವ್ಯವಸ್ಥೆಯಿದೆ ಎಂದು ತಿಳಿಯದೆ ಪರೀಕ್ಷೆಯೇ ಶುರುವಾಗದು.

‘ಇಷ್ಟೆಲ್ಲ ಯಾರು ಮಾಡುತ್ತಾರೆ?’

ಇದಕ್ಕೆ ಎದುರಾಗುವ ಮೊದಲ ಮಾತು: ಚೆನ್ನಾಗಿರುವ ಇನ್ನೊಂದು ಸೆನ್ಸರ್ ಹಾಕಿ ನೋಡಿದರೆ ಮುಗಿಯಿತಲ್ಲ? ಹಾಕಿ ನೋಡುವುದು ಒಳ್ಳೆಯ ಪರೀಕ್ಷೆಯೇ, ಆದರೆ ಮುಂಚಿನ ಅಂಕಿಯನ್ನೂ ಆಮೇಲಿನ ಅಂಕಿಯನ್ನೂ ಬರೆದುಕೊಂಡಾಗ ಮಾತ್ರ. ಇಸಿಯು ಹಳೆಯ ಟ್ರಿಮ್ಮನ್ನು ನೆನಪಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದಾಗ ಆ ನೆನಪೂ ಅಳಿಸುವುದುಂಟು, ಕೆಲಕಾಲ ಗಾಡಿ ಸಲೀಸಾಗಿ ಓಡುವುದೂ ಉಂಟು. ಅದು ಸೆನ್ಸರಿನ ಗುಣವೋ ಮರೆವಿನ ಗುಣವೋ ಎಂದು ಅಳೆಯದೆ ತಿಳಿಯದು. ಎರಡನೆಯದು, ಸೆನ್ಸರಿನ ಕನೆಕ್ಟರ್ ಕಿತ್ತು ನೋಡುವ ಉಪಾಯ. ಕಿತ್ತಾಗ ಇಸಿಯು ಬದಲಿ ಅಂದಾಜಿನ ಮೇಲೆ ನಡೆಯುತ್ತದೆ, ಎಂಜಿನ್ ಸುಧಾರಿಸಿದರೆ ಬರುತ್ತಿದ್ದ ಸಂಕೇತ ಸರಿಯಿರಲಿಲ್ಲ ಎಂದು ಊಹಿಸಬಹುದು. ಆದರೆ ದೋಷ ಸೆನ್ಸರಿನದ್ದೋ, ವೈರಿನದ್ದೋ, ಪೈಪಿನ ಸೋರಿಕೆಯದ್ದೋ ಎಂಬುದನ್ನು ಈ ಉಪಾಯ ಹೇಳಲಾರದು. ದಾರಿ ತೋರಿಸಲು ಸಾಕು, ಬಿಲ್ ಹಾಕಲು ಸಾಲದು.

ಮೂರನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಸಂಜೆಯೊಳಗೆ ಗಾಡಿ ಬೇಕೆನ್ನುವ ಗ್ರಾಹಕ ಪಾರ್ಟ್‌ಗೆ ದುಡ್ಡು ಕೊಡುತ್ತಾನೆಯೇ ಹೊರತು ಪರೀಕ್ಷೆಗೆ ಕೊಡುವುದಿಲ್ಲ ಎಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ. ಆ ಮಾತು ನಿಜ, ತಪ್ಪಿನಲ್ಲಿ ಗ್ರಾಹಕರ ಪಾಲೂ ಇದೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡು ‘ಸೆನ್ಸರ್ ಸರಿಯಿದೆ, ಪೈಪು ಒಡೆದಿದೆ’ ಎಂದು ಕಂಡುಹಿಡಿದವನಿಗೆ ನಾವು ಪೈಪಿನ ಬೆಲೆಯನ್ನಷ್ಟೇ ಕೊಟ್ಟು ಹೊರಟರೆ, ಮುಂದಿನ ಸಲ ಅವನು ಸೆನ್ಸರನ್ನೇ ಬದಲಿಸುತ್ತಾನೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಕಾರುಗಳಲ್ಲಿ ಸೆನ್ಸರುಗಳ ಸಂಖ್ಯೆ ಹೆಚ್ಚಿದೆ. ಸ್ಪ್ಯಾನರ್ ಹಿಡಿದ ಕೈಯ ಕೂಲಿಯ ಜೊತೆಗೆ ಅಂಕಿ ಓದಿ ಯೋಚಿಸಿದ ತಲೆಯ ಕೂಲಿಯನ್ನೂ ಕೊಡದೆ ಈ ಕಾರುಗಳು ನೆಟ್ಟಗೆ ರಿಪೇರಿಯಾಗವು.

ಇಷ್ಟೆಲ್ಲ ನೋಡಿದ ಮೇಲೂ ಸೆನ್ಸರೇ ತಪ್ಪಿತಸ್ಥ ಎಂದಾದರೆ ಮೊದಲ ಮದ್ದು ಶುಚಿ ಮಾಡುವುದು. ಅದಕ್ಕೆಂದೇ ಸಿಗುವ ಸ್ಪ್ರೇಯನ್ನು ಎಂಜಿನ್ ತಣ್ಣಗಿರುವಾಗ ಹೊಡೆದು, ಕೈಯಾಗಲಿ ಬಟ್ಟೆಯಾಗಲಿ ಸೋಕಿಸದೆ, ಪೂರ್ತಿ ಒಣಗಿದ ಮೇಲೆ ಕೂರಿಸಬೇಕು. ಕಾರ್ಬ್ಯುರೇಟರ್ ಕ್ಲೀನರ್ ಬಳಸಿದರೆ ಸೆನ್ಸರ್ ಹಾಳಾಗಬಹುದು. ಕೊಳೆ ಎಲ್ಲಿಂದ ಬಂತು ಎಂದು ಹುಡುಕುವುದೂ ಚಿಕಿತ್ಸೆಯ ಭಾಗವೇ. ಏರ್ ಫಿಲ್ಟರ್ ಅಂಚು ಸರಿಯಾಗಿ ಕೂತಿರದಿದ್ದರೆ ಮಣ್ಣುರಸ್ತೆಯ ಧೂಳು ಹೊಸ ಸೆನ್ಸರನ್ನೂ ಬಿಡುವುದಿಲ್ಲ. ಶುಚಿ ಮಾಡಿದ ಮೇಲೂ ಅಂಕಿ ಸರಿಹೋಗದಿದ್ದರೆ ಧಾರಾಳವಾಗಿ ಬದಲಿಸಿ.

ಸ್ಟ್ಯಾಂಡಿನಲ್ಲಿ ನಿಂತ ಗಾಡಿಗೆ ಹೊರೆಯಿಲ್ಲದೆ ಮಾಡುವ ಹೊಗೆ ತಪಾಸಣೆ, ಹೊರೆ ಬಿದ್ದಾಗ ಮಾತ್ರ ತಪ್ಪುವ ಅಳತೆಯನ್ನು ಹಿಡಿಯದೇ ಹೋಗಬಹುದು. ಹಾಗಾಗಿ ಹೊಣೆ ಗ್ಯಾರೇಜಿನ ಮೇಲೂ ಮಾಲೀಕರ ಮೇಲೂ ಬೀಳುತ್ತದೆ. ಮಾಲೀಕರಿಗೆ ಎಂಜಿನಿಯರಿಂಗ್ ಗೊತ್ತಿರಬೇಕಿಲ್ಲ. ಬಿಲ್ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿದರೆ ಸಾಕು: ರಿಪೇರಿಗೆ ಮುಂಚೆ ಟ್ರಿಮ್ ಎಷ್ಟಿತ್ತು, ಗಾಳಿ ಎಷ್ಟು ಗ್ರಾಂ ಇತ್ತು? ರಿಪೇರಿಯಾದ ಮೇಲೆ ಅವೆರಡೂ ಎಷ್ಟಾದವು? ಉತ್ತರ ಕೊಡಬಲ್ಲ ಮೆಕ್ಯಾನಿಕ್ ಸಿಕ್ಕರೆ ಅವನು ಕೇಳಿದ ಕೂಲಿ ಕೊಟ್ಟು, ಮುಂದಿನ ಸಲವೂ ಅವನ ಹತ್ತಿರವೇ ಹೋಗಿ.