ಸುಮನಹಳ್ಳಿ ಸ್ಟಾಪಿನಲ್ಲಿ ಇಳಿಯುವವರು

“ಸುಮನಹಳ್ಳಿ... ಸುಮನಹಳ್ಳಿ... ಇಳಿಯೋರು ಮುಂದೆ ಬನ್ರೀ!”

ಮಾಗಡಿ ರಸ್ತೆ ಬಸ್ಸಿನಲ್ಲಿ ಓಡಾಡುವವರಿಗೆ ಈ ಕೂಗು ದಿನನಿತ್ಯದ್ದು. ಕಾಮಾಕ್ಷಿಪಾಳ್ಯ ದಾಟಿದರೆ ಸುಮನಹಳ್ಳಿ. ಕೆಂಗೇರಿ ಕಡೆಯಿಂದ ರಿಂಗ್ ರೋಡಿನಲ್ಲಿ ಬರುವವರಿಗೂ ಇದೇ ಕೂಡುರಸ್ತೆ. 2019ರಲ್ಲಿ ಇಲ್ಲಿನ ಮೇಲ್ಸೇತುವೆಯಲ್ಲಿ ತೂತು ಬಿದ್ದು ಊರಿಗೆಲ್ಲ ಹೆಸರಾಯಿತು. ಆದರೆ ಸ್ವಾಮಿ, ಸುಮನಹಳ್ಳಿ ಅನ್ನೋ ಹಳ್ಳಿ ಎಲ್ಲಿದೆ ಅಂತ ಯಾವತ್ತಾದರೂ ಕೇಳಿದ್ದೀರಾ?

ಕೊಟ್ಟಿಗೆಪಾಳ್ಯ ಇತ್ತು, ನಾಗರಬಾವಿ ಇತ್ತು, ಅವೆಲ್ಲ ಹಳೇ ಊರುಗಳು. ಸುಮನಹಳ್ಳಿ ಹಾಗಲ್ಲ. ಅದು ಕುಷ್ಠರೋಗ ಬಂದವರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರದ ಹೆಸರು. ಒಳ್ಳೆ ಮನಸ್ಸಿನವರ ಹಳ್ಳಿ ಅಂತ ಅರ್ಥ. ಹೆಸರು ಕೇಂದ್ರದಿಂದ ಬಸ್ ಸ್ಟಾಪಿಗೆ ಬಂತು, ಸ್ಟಾಪಿನಿಂದ ಸೇತುವೆಗೆ ಹತ್ತಿತು. ಯಾರಿಗಾಗಿ ಇಟ್ಟ ಹೆಸರೋ ಅವರು ಮಾತ್ರ ಕಾಂಪೌಂಡಿನೊಳಗೇ ಉಳಿದರು.

1970ರ ದಶಕದ ಕೊನೆಯ ಮಾತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲ. ಬೆರಳು ಮೊಂಡಾದ ಕೈಯಲ್ಲಿ ತಟ್ಟೆ ಹಿಡಿದು ಕೂತವರು ಬೆಂಗಳೂರಿನ ಬೀದಿಗಳಲ್ಲಿ ಮಾಮೂಲು ನೋಟ. ಬೆಗ್ಗರ್ಸ್ ಕಾಲೊನಿಯ ಮಗ್ಗುಲಲ್ಲೇ ಸರ್ಕಾರ ಜಾಗ ಕೊಟ್ಟಿತು, ಬೆಂಗಳೂರಿನ ಕ್ಯಾಥೊಲಿಕ್ ಧರ್ಮಪ್ರಾಂತದವರು ಜವಾಬ್ದಾರಿ ಹೊತ್ತರು. (ಆ ಕಾಲೊನಿಯ ಪರಿಚಯ ಅಂಗಡಿಯವರಿಗೆ ಬೇರೆ ದಾರಿಯಿಂದ ಇದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರು ಭಿಕ್ಷುಕರ ಸೆಸ್ ಅಂತ ಕಟ್ಟುತ್ತಾ ಬಂದಿದ್ದೀರಲ್ಲ, ಅದು 1975ರ ಭಿಕ್ಷಾಟನೆ ನಿಷೇಧ ಕಾನೂನಿನ ಲೆಕ್ಕ.) ಸುಮನಹಳ್ಳಿಯಲ್ಲಿ ಔಷಧಿಯ ಜೊತೆಗೆ ಹೊಲಿಗೆ, ಚರ್ಮದ ಕೆಲಸ ಕಲಿಸಿದರು. ತಟ್ಟೆ ಹಿಡಿದ ಕೈಗೆ ಸೂಜಿ ಬಂತು.

ಕಾವಲುಗಾರ ಇಲ್ಲದ ಮೈ

ಕುಷ್ಠ ಬಂದರೆ ಬೆರಳು ಉದುರಿ ಹೋಗುತ್ತೆ ಅಂತ ನಮ್ಮ ಜನ ಇವತ್ತಿಗೂ ನಂಬಿದ್ದಾರೆ. ಉದುರೋದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಈ ರೋಗಿಗಳ ಕೈಕಾಲು ಆಪರೇಷನ್ ಮಾಡಿದ ಡಾಕ್ಟರ್ ಪಾಲ್ ಬ್ರಾಂಡ್ ತೋರಿಸಿಕೊಟ್ಟದ್ದು ಇದನ್ನೇ. ಕ್ರಿಮಿ ಕೆಡಿಸುವುದು ನರವನ್ನು. ನರ ಸತ್ತರೆ ನೋವು ಗೊತ್ತಾಗೋದಿಲ್ಲ. ನೋವು ಅನ್ನೋದು ಮೈಯ ಕಾವಲುಗಾರ. ಅವನೇ ಹೋದ ಮೇಲೆ ಮನೆಗೆ ಯಾರು ಬೇಕಾದರೂ ನುಗ್ಗಬಹುದು! ಕಾಲಿಗೆ ಮೊಳೆ ಹೊಕ್ಕರೂ ಮನುಷ್ಯ ಅದರ ಮೇಲೇ ನಡೆದು ಸಂಜೆ ಮನೆ ಸೇರುತ್ತಾನೆ. ಗಾಯ ಕೀವಾಗುತ್ತೆ, ಮೂಳೆ ಸವೆಯುತ್ತೆ, ಬೆರಳು ಗಿಡ್ಡವಾಗುತ್ತೆ. ಕೆಲವರ ಬೆರಳು ರಾತ್ರೋರಾತ್ರಿ ಮಾಯವಾಗೋದು ಯಾಕೆ ಅಂತ ಹುಡುಕಿದರೆ, ಮಲಗಿದ್ದಾಗ ಇಲಿ ಕಡಿಯುತ್ತಿತ್ತು. ನೋವಿಲ್ಲದವನಿಗೆ ಎಚ್ಚರವಾಗಬೇಕಲ್ಲ? ಅದಕ್ಕೆ ಬ್ರಾಂಡ್ ಕಡೆಯವರು ಮನೆಗೆ ಹೋಗುವ ರೋಗಿಗಳ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರಂತೆ.

ಔಷಧಿ ಮುಗಿದು ಕ್ರಿಮಿ ಸತ್ತ ಮೇಲೂ ಸತ್ತ ನರ ತಿರುಗಿ ಬರೋದು ಕಷ್ಟ. ಅಂದರೆ ರೋಗ ವಾಸಿಯಾದವನೂ ಬದುಕಿರೋ ತನಕ ಕಾವಲುಗಾರ ಇಲ್ಲದ ಮೈಯಲ್ಲೇ ಇರಬೇಕು. ಇರುತ್ತಾರೆ. ಹೇಗೆ ಇರುತ್ತಾರೆ ಅನ್ನೋದು ನೋಡಬೇಕಾದದ್ದು.

ನೋವು ಮಾಡಬೇಕಾದ ಕೆಲಸವನ್ನು ಕಣ್ಣಿಗೆ ವಹಿಸುತ್ತಾರೆ. ದಿನಾ ಒಂದು ಹೊತ್ತು ಕೂತು ಅಂಗೈ, ಅಂಗಾಲು, ಬೆರಳ ಸಂದು ಎಲ್ಲವನ್ನೂ ನೋಡಿಕೊಳ್ಳೋದು. ಅಂಗಾಲು ಕಾಣದಿದ್ದರೆ ಕೆಳಗೆ ಕನ್ನಡಿ. ಒಣಗಿ ಬಿರಿಯುವ ಚರ್ಮಕ್ಕೆ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಕಾಲು ನೆನೆಹಾಕಿ, ದಡ್ಡುಗಟ್ಟಿದ್ದನ್ನು ಉಜ್ಜಿ, ಪಸೆ ಆರುವ ಮುಂಚೆ ಎಣ್ಣೆ ಹಚ್ಚೋದು. ಚಪ್ಪಲಿ ಮೆಟ್ಟುವ ಮುಂಚೆ ಕೊಡವೋದು, ಕಲ್ಲೋ ಮುಳ್ಳೋ ಇದ್ದೀತು. ಆ ಚಪ್ಪಲಿಯೂ ಬೇರೆ ಥರದ್ದು. ಒಳಗೆ ಮೆತ್ತನೆಯ ಮೈಕ್ರೋ ಸೆಲ್ಯುಲರ್ ರಬ್ಬರು, ಹಿಂದೆ ಪಟ್ಟಿ, ಒಂದೇ ಒಂದು ಮೊಳೆ ಇಲ್ಲ. ಒಲೆ ಮೇಲಿನ ಪಾತ್ರೆಗೆ ಬಟ್ಟೆ ಇಲ್ಲವೆ ಇಕ್ಕಳ. ರೆಪ್ಪೆ ತಾನಾಗಿ ಮುಚ್ಚದಿದ್ದರೆ ಮರೆಯದೆ ಆಗಾಗ ಕಣ್ಣು ಮಿಟುಕಿಸೋದು. ನಾವು ಹುಟ್ಟಿದಾಗಿನಿಂದ ಗೊತ್ತಿಲ್ಲದೇ ಮಾಡುವ ಕೆಲಸ, ಅವರಿಗೆ ಅದೂ ಲೆಕ್ಕದಲ್ಲಿಟ್ಟುಕೊಳ್ಳಬೇಕಾದ ಬಾಬತ್ತು.

ಹೊರಗೆ ಬಂದರೆ ಅಪಾಯ ಇನ್ನೂ ಹತ್ತಿರ. ಹಳೇ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ನೆನಪಿದೆಯಾ? ರಶ್ಶಿನಲ್ಲಿ ಅದಕ್ಕೆ ಕಾಲು ತಗಲಿದರೆ ನಾವು “ಅಯ್ಯಪ್ಪಾ” ಅಂತ ಹಾರುತ್ತಿದ್ದೆವು. ಹಾರದವನಿಗೆ ಸಂಜೆ ಬೊಬ್ಬೆ. ಹೋಟೆಲಿನ ಬೈಟು ಕಾಫಿ ಅಂದರೆ ನಿಮಗೆ ಎರಡು ನಿಮಿಷದ ಸುಖ. ಸ್ಟೀಲ್ ಲೋಟ ಎಷ್ಟು ಸುಡುತ್ತಿದೆ ಅಂತ ಹೇಳದ ಬೆರಳಿಗೆ ಅದು ಬೆಂಕಿಯ ಪರೀಕ್ಷೆ. ಅಂಥವರು ಲೋಟವನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದರೆ, “ಬೇಗ ಕುಡಿದು ಜಾಗ ಬಿಡಪ್ಪಾ” ಅಂತ ಅವಸರ ಮಾಡಬೇಡಿ.

ಬಸ್ಸು ಹತ್ತಬಾರದು, ಅಂಗಡಿ ಇಡಬಾರದು

ಈ ಜಾಗರೂಕತೆಯನ್ನೆಲ್ಲ ಅವರು ಕಲಿತಾರು. ಪಕ್ಕದ ಸೀಟು ಖಾಲಿ ಉಳಿಯೋದಕ್ಕೆ ಏನು ಮಾಡಬೇಕು? ಬಸ್ಸಿನಲ್ಲಿ ಜನ ಜೋತಾಡುತ್ತಿದ್ದರೂ ಒಬ್ಬನ ಪಕ್ಕ ಮಾತ್ರ ಯಾರೂ ಕೂರೋದಿಲ್ಲ. ಚಿಲ್ಲರೆಯನ್ನು ಕೈಗೆ ಹಾಕದೆ ಗಲ್ಲಾ ಹಲಗೆ ಮೇಲೆ ಬಿಸಾಕುವ ಅಂಗಡಿಯವರನ್ನು ನಾನೇ ಕಂಡಿದ್ದೀನಿ. ಅವರನ್ನು ಬಯ್ಯುವ ಮುಂಚೆ ಒಂದು ಮಾತು: ಹಾಗೆ ಮಾಡಿ ಅಂತ ಕಾನೂನೇ ಇತ್ತು ಸ್ವಾಮಿ! ಬ್ರಿಟಿಷ್ ಇಂಡಿಯಾದ 1898ರ ಕುಷ್ಠರೋಗಿಗಳ ಕಾಯ್ದೆಯಲ್ಲಿ, ಇಂಥವರು ತಿಂಡಿ ತೀರ್ಥ ಮಾಡಿ ಮಾರಬಾರದು, ಸಾರ್ವಜನಿಕ ಬಾವಿಯ ನೀರು ಸೇದಬಾರದು, ಬಾಡಿಗೆ ಗಾಡಿ ಹತ್ತಬಾರದು ಅಂತ ತಡೆಯೋದಕ್ಕೆ ಅಧಿಕಾರ ಕೊಟ್ಟಿದ್ದರು. ಔಷಧಿ ಇಲ್ಲದ ಕಾಲದ ಆ ಕಾಯ್ದೆ ಪುಸ್ತಕದಿಂದ ಹೋದದ್ದು ಯಾವಾಗ ಗೊತ್ತೇ? 2016ರಲ್ಲಿ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಕುಷ್ಠ ಅಂದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು ಅನ್ನೋದು ತೆಗೆದುಹಾಕಿದ್ದು 2019ರಲ್ಲಿ. ಅಷ್ಟರಲ್ಲಿ ರೋಗ ಪೂರ್ತಿ ವಾಸಿ ಮಾಡುವ ಔಷಧಿ ಬಂದು ಮೂವತ್ತು ವರ್ಷ ದಾಟಿತ್ತು.

ಮುಟ್ಟಬಾರದು ಅನ್ನೋದರ ರುಚಿ ನಮಗೂ ಒಮ್ಮೆ ಸಿಕ್ಕಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಇದೇ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ಪಕ್ಕದ ಮನೆಯವರು ಕೆಮ್ಮಿದರೆ ನಾವು ಕಿಟಕಿ ಹಾಕಿಕೊಂಡೆವು. ಸಾಮಾನು ಕೊಡುವಾಗ ಅಂಗಡಿಯವರು ಹಗ್ಗ ಕಟ್ಟಿ ದೂರ ನಿಲ್ಲಿಸಿದರು. ಮುಖ ನೋಡಿ ಮಾತಾಡೋರಿಲ್ಲದೆ ಎಷ್ಟು ಜನ ಸೊರಗಿದರು! ನಮ್ಮದು ಕೆಲವು ತಿಂಗಳಿಗೆ ಮುಗಿಯಿತು. ಅವರಲ್ಲಿ ಕೆಲವರದು ನಲವತ್ತು ವರ್ಷ.

ವಿಚಿತ್ರ ಅಂದರೆ ಹೆದರಿಕೆಗೆ ತಕ್ಕಷ್ಟು ಅಂಟುವ ರೋಗವೇ ಅಲ್ಲ ಇದು. ನೂರಕ್ಕೆ ತೊಂಬತ್ತೈದು ಜನರ ಮೈಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತೆ. ಔಷಧಿ ತೊಗೊಳ್ಳದವರ ಜೊತೆ ಬಹಳ ಕಾಲ ಒಂದೇ ಮನೆಯಲ್ಲಿದ್ದವರಿಗೆ ಮೂಗು, ಬಾಯಿಯ ಹನಿಯಿಂದ ಬಂದೀತು. ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ಹರಡೋದು ನಿಲ್ಲುತ್ತೆ. ಬಸ್ಸಿನ ಸೀಟಿನಿಂದ, ನೋಟಿನಿಂದ ಅಂಟಿಕೊಳ್ಳೋದಿಲ್ಲ. ಬೆರಳು ಮೊಂಡಾದ ಮುದುಕ ಬಹುಮಟ್ಟಿಗೆ ಎಂದೋ ವಾಸಿಯಾದವನು. ಇನ್ನೊಬ್ಬರಿಗೆ ಹರಡಬಲ್ಲವರು ಬೆರಳು ನೆಟ್ಟಗಿರುವ, ತನಗೆ ರೋಗ ಇದೆ ಅಂತಲೇ ಗೊತ್ತಿಲ್ಲದವರು.

ಅದಕ್ಕೇ ಈ ಪತ್ರಿಕೆ ಮಡಿಚುವ ಮುಂಚೆ ಒಂದು ಕೆಲಸ. 2005ರ ಡಿಸೆಂಬರಿನಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಮ್ಮಿಯಾಯಿತು ಅಂತ ದೇಶ ಲೆಕ್ಕ ಹೇಳಿತು, ಆದರೆ ರೋಗ ಹೋಗಲಿಲ್ಲ. ಈಗಲೂ ವರ್ಷಕ್ಕೆ ಲಕ್ಷದ ಆಸುಪಾಸು ಹೊಸಬರು ಸಿಗುತ್ತಾರೆ, ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದಲ್ಲೇ. ಮೈಮೇಲೆ ಬಣ್ಣ ಮಾಸಿದ ಅಥವಾ ಕೆಂಪಗಿನ ಮಚ್ಚೆ ಇದ್ದರೆ ಕಣ್ಣು ಮುಚ್ಚಿಕೊಳ್ಳಿ, ಮನೆಯವರಿಂದ ಬಾಲ್‌ಪೆನ್ನಿನ ತುದಿಯನ್ನು ಮೆಲ್ಲಗೆ ತಾಗಿಸಿ. ಅಕ್ಕಪಕ್ಕ ಗೊತ್ತಾಗಿ ಮಚ್ಚೆಯ ಮೇಲೆ ಮಾತ್ರ ಗೊತ್ತಾಗದಿದ್ದರೆ ನಾಳೆಯೇ ತೋರಿಸಿ. ತೊನ್ನು ಬೇರೆ, ಇದು ಬೇರೆ. ತೊನ್ನು ಹಾಲಿನ ಹಾಗೆ ಬೆಳ್ಳಗಾಗುತ್ತೆ, ಸ್ಪರ್ಶ ಹೋಗೋದಿಲ್ಲ, ಯಾರಿಗೂ ಅಂಟೋದೂ ಇಲ್ಲ. ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಹೆಣ್ಣುಮಕ್ಕಳ ಮದುವೆ ನಿಂತಿದೆ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ. ರೋಗದ ಜೋರು ನೋಡಿ ಆರು ತಿಂಗಳು ಇಲ್ಲವೆ ಒಂದು ವರ್ಷ. ತಿಂಗಳಿಗೊಮ್ಮೆ ನುಂಗುವ ಮಾತ್ರೆಯಿಂದ ಮೂತ್ರ ಕೆಂಪಗಾಗುತ್ತೆ, ಗಾಬರಿಯಾಗಬೇಡಿ. ಇನ್ನೊಂದು ಮಾತ್ರೆಯಿಂದ ಮೈ ಕಪ್ಪಗಾಗುತ್ತೆ. “ಏನ್ರೀ, ಹಿಂಗ್ ಕರ್ರಗಾಗ್ಬಿಟ್ರಿ?” ಅಂತ ಬೀದಿಯವರು ಕೇಳಿದ್ದಕ್ಕೆ ನಡುವೆ ಮಾತ್ರೆ ಬಿಟ್ಟವರಿದ್ದಾರೆ. ಬಿಡಬಾರದು. ಕೋರ್ಸು ಮುಗಿದ ಮೇಲೆ ಬಣ್ಣ ನಿಧಾನವಾಗಿ ತಿಳಿಯಾಗುತ್ತೆ. ಅಲ್ಲಿಯತನಕ ಕೇಳಿದವರಿಗೆ ಬಿಸಿಲು ಅಂತ ಹೇಳಿ.